ಒಸಡೂ ಹಲ್ಲುಜ್ಜುವ ಸಂಪ್ರದಾಯವೂ

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯು ಸುಪ್ರಸಿದ್ಧವಾದುದು. ದೊಡ್ಡ ಬಸವಣ್ಣನ ಗುಡಿಯ ಮುಂದಣ ಬೀದಿಯ ಎರಡು ಪಕ್ಕಗಳಲ್ಲಿಯೂ ಅಂದು ಕಡಲೆಕಾಯಿಯ ರಾಶಿಗಳು ಬಿದ್ದಿರುತ್ತವೆ. ಹಸಿಯದು, ಹುರಿದದ್ದು, ಬೇಯಿಸಿದ್ದು ಎಂದು ಬಗೆಬಗೆಯಾಗಿ ಅಳೆದು ಕೊಡುತ್ತಾರೆ. ಹಿಂದೆ ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ದಾಸರಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವವೊಂದು ಬಂದು ಮೇಯುತ್ತಿದ್ದಿತೆಂದೂ, ಅದನ್ನು ಶಾಂತಗೊಳಿಸುವುದಕ್ಕಾಗಿ ಗುಡಿ ಕಟ್ಟಿ ಮೊದಲ ಬೆಳೆಯನ್ನು ಅರ್ಪಿಸತೊಡಗಿದರೆಂದೂ ಸ್ಥಳದ ಐತಿಹ್ಯ. ಗುಡಿಯನ್ನು ಕ್ರಿ.ಶ. ೧೫೩೭ ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಹೇಳುವರು. ಕಡಲೆಕಾಯಿಯಾದರೋ ದಕ್ಷಿಣ ಅಮೆರಿಕೆಯ ಗಿಡ. ಯೂರೋಪಿನ ನಾವಿಕರೂ ವರ್ತಕರೂ ಸಮುದ್ರವನ್ನು ದಾಟಿದ ಮೇಲೆ ಈ ದೇಶಕ್ಕೆ ಬಂದದ್ದು. ಆದಕಾರಣ ಐತಿಹ್ಯದ ಕಾಲಗಣನೆಯನ್ನು ಅಕ್ಷರಶಃ ಒಪ್ಪುವುದು ಕಷ್ಟ. ಬಸವಣ್ಣನ ಭಕ್ತರಿಗೆ ಇದರಿಂದ ಬಾಧಕವೇನೂ ಇಲ್ಲ.

ಪರಿಷೆಗೆ ಬಂದ ವೃದ್ಧರು ಕಡಲೆಕಾಯಿ ಕೊಳ್ಳುವ ಕ್ರಮವನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹುರಿದ ಕಾಯನ್ನು ಮೊಮ್ಮಕ್ಕಳಿಗೆ ಕೊಡಿಸಿ, ತಮ್ಮ ಪಾಲಿಗೆ ಬೇಯಿಸಿದ್ದನ್ನು ಅಳೆಸಿಕೊಳ್ಳುವವರುಂಟು. ಅದೂ ಆಗದವರು ಬಸವಣ್ಣನಿಗೆ ಕೈಮುಗಿದು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಪಕ್ಕದಲ್ಲಿದ್ದವರು ಯಾರಾದರೂ ಹೇಳಿ ನಗುತ್ತಾರೆ. ಗಾದೆಯಲ್ಲಿ ಬರುವ ಕಡಲೆ ಕಡಲೆಕಾಳೇ ಹೊರತು ಕಡಲೆಕಾಯಿಯಲ್ಲ. ಆದರೂ ಸಂದರ್ಭಕ್ಕೆ ಒದಗುತ್ತದೆ. ಕೂದಲು ನರೆಯುವಂತೆ ಹಲ್ಲು ಉದುರುವುದೂ ಮುಪ್ಪಿನ ಸಹಜಧರ್ಮ, ಅದಕ್ಕೆ ಮಾಡತಕ್ಕದ್ದೇನೂ ಇಲ್ಲ, ಎಂಬ ಭಾವನೆ ಆ ನಗೆಯ ಹಿಂದೆ ಇದೆ. ವಿದ್ಯಾವಂತರ ಮನೆಗಳಲ್ಲಿಯೂ ಈ ಭಾವನೆ ಬೇರೂರಿದೆ. ಆದರೆ ಅದು ನಿಜವಲ್ಲ. ಮುದುಕರ ಬಾಯಿಂದ ತಾನಾಗಿ ಅಲುಗಿ ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟು ನೋಡಿದರೆ ಅನೇಕ ವೇಳೆ ಅದರಲ್ಲಿ ಹುಳುಕಿನ ಗುರುತೇ ಇರುವುದಿಲ್ಲ. ಹಲ್ಲು ಗಟ್ಟಿಯಾಗಿಯೇ ಇದ್ದು, ಅದನ್ನು ಹಿಡಿದಿದ್ದ ಒಸಡೂ ಎಲುಬೂ ಮೊದಲೇ ಕೈಬಿಟ್ಟಿರುತ್ತವೆ.

ಹಲ್ಲಿನಲ್ಲಿ ಹೊರಗೆ ಕಾಣುವ ಭಾಗ ಒಂದು, ದವಡೆಯ ಎಲುಬಿನಲ್ಲಿ ಹುಗಿದಿರುವ ಬೇರು ಇನ್ನೊಂದು. ಹೊರಗಿನ ಭಾಗಕ್ಕೆ ಎನಾಮಲ್ ಎಂಬ ಹೊದಿಕೆಯುಂಟು. ಮನುಷ್ಯದೇಹದಲ್ಲಿ ಅದಕ್ಕಿಂತ ಕಠಿನವಾದ ಪದಾರ್ಥ ಬೇರೊಂದಿಲ್ಲ. ಬೇರಿಗೆ ಈ ಕವಚವಿಲ್ಲ. ಅದರ ಮೇಲಿರುವುದು ಸಿಮೆಂಟಮ್ ಎಂದು ಹೆಸರಾದ, ತೆಳುವೂ ಮೃದುವೂ ಆದ ಪೊರೆ. ಬೇರಿಗೆ ರಕ್ಷೆಯೆಂದರೆ ಎಲುಬು ಮತ್ತು ಎಲುಬಿನ ಮೇಲೆ ಹೊದೆದಿರುವ ಒಸಡು. ಒಸಡು ತನ್ನ ಎಲ್ಲೆಯನ್ನು ಬಿಟ್ಟು, ಮೇಲಿನ ಸಾಲಿನಲ್ಲಿ ಮೇಲಕ್ಕೂ ಕೆಳಗಿನ ಸಾಲಿನಲ್ಲಿ ಕೆಳಕ್ಕೂ ಸರಿದರೆ ಈ ಬೇರು ಗಾಳಿಗೂ ನೀರಿಗೂ ತೆರೆದುಕೊಳ್ಳುತ್ತದೆ. ಆಗ ತಣ್ಣೀರು ಕುಡಿದರೆ, ಹುಣಿಸೆಯ ಹುಳಿ ತಗುಲಿದರೆ ಹಲ್ಲು ಜುಮ್ಮೆನ್ನುತ್ತದೆ. ಬೇರಿನ ಒಳಪದರದ ಸೂಕ್ಷ್ಮನಾಳಗಳ ಮೂಲಕ ಆ ಸ್ಪರ್ಶವು ನರದ ವರೆಗೆ ಮುಟ್ಟುವುದೇ ಇದಕ್ಕೆ ಕಾರಣ. ಎನಾಮಲಿಲ್ಲದ ಬೇರನ್ನು ಹುಳುಕು ಸುಲಭವಾಗಿ ಹಿಡಿಯುತ್ತದೆ. ಹಲ್ಲುಹಲ್ಲುಗಳ ನಡುವೆ ಸಂದು ಬಿಟ್ಟು ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ. ಕಡ್ಡಿಯಿಂದ ಕೆದಕಿ ಕೆದಕಿ ಸಂದು ಇನ್ನೂ ಕೆಡುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಬಾತ ಒಸಡು ಇಳಿಯಬಹುದು, ರಕ್ತ ಒಸರುವ ಒಸಡು ವಾಸಿಯಾಗಬಹುದು. ಸರಿದ ಒಸಡು ಮಾತ್ರ ತಾನಾಗಿ ಮರಳಿ ಬರುವುದಿಲ್ಲ.

ಈ ವ್ಯಾಧಿಯನ್ನು ಪ್ರಾಚೀನರು ಅರಿಯದೆ ಇರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದ ಹದಿನಾರನೆಯ ಅಧ್ಯಾಯವು ಮುಖರೋಗಗಳಿಗೆ ಮೀಸಲಾದುದು. ಅಲ್ಲಿ ಒಟ್ಟು ಅರುವತ್ತೈದು ರೋಗಗಳನ್ನು ಹೇಳಿದೆ. ಅವುಗಳಲ್ಲಿ ಹಲ್ಲಿಗೆ ಸೇರಿದುವು ಎಂಟು. ಹಲ್ಲಿನ ಬುಡಕ್ಕೆ, ಎಂದರೆ ಒಸಡಿಗೆ, ಸೇರಿದುವು ಹದಿನೈದು. ಹಲ್ಲಿಗಿಂತ ಒಸಡಿನ ರೋಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿ ಎಣಿಕೆಯಾಗಿರುವುದನ್ನು ವಾಚಕರು ಗಮನಿಸಬೇಕು. ಶೀತಾದವೆಂಬ ರೋಗದಲ್ಲಿ ಒಸಡಿನಿಂದ ಕಾರಣವಿಲ್ಲದೆ ರಕ್ತ ಬರುವುದು, ಒಸಡು ಕಪ್ಪಾಗಿ ಮೆತ್ತಗಾಗಿ ದುರ್ಗಂಧದಿಂದ ಕೂಡಿ ಶಿಥಿಲವಾಗಿ ಉದುರುವುದು. ದಂತವೇಷ್ಟವೆಂಬುದರಲ್ಲಿ ಕೀವೂ ರಕ್ತವೂ ಸ್ರವಿಸಿ ಹಲ್ಲುಗಳು ಅಲುಗಾಡುವುವು. ಉಪಕುಶದಲ್ಲಿ ಉರಿಯುಂಟಾಗಿ, ಕೊಂಚ ತಗುಲಿದರೂ ರಕ್ತ ಬರುವುದು. ಒಂದೇ ರೋಗದ ಮೆಟ್ಟಿಲುಗಳನ್ನು ಬೇರೆ ಬೇರೆ ರೋಗಗಳೆಂದು ಎಣಿಸಿರಬಹುದೆಂದು ಈಗಿನ ದಂತವೈದ್ಯರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಕಂಡುದನ್ನು ಕಂಡಂತೆ ಹೇಳಿದ ಆ ಬಣ್ಣನೆಯಲ್ಲಿ ಈಗಲೂ ತಿದ್ದತಕ್ಕದ್ದು ಬಹಳವಿಲ್ಲ.

ಹಲ್ಲಿನ ಮೇಲೆ ಹರಳುಗಟ್ಟಿ ಕೂಡುವ ಕಿಟ್ಟಕ್ಕೆ ಸುಶ್ರುತನು ದಂತಶರ್ಕರೆಯೆಂದು ಹೆಸರಿಟ್ಟಿದ್ದಾನೆ. ಶರ್ಕರೆಯೆಂದರೆ ಸಕ್ಕರೆಯೆಂಬುದು ಅನಂತರದ ರೂಢಿ. ಮೂಲದಲ್ಲಿ ಸಣ್ಣ ಕಲ್ಲು, ನೊರಜು ಎಂದು ಅರ್ಥ. ಹಲ್ಲಿಗಂಟಿದ ಕಿಟ್ಟವನ್ನು ಉಗುರಿನಿಂದ ಮುಟ್ಟಿ ನೋಡಿದವರಿಗೆ ಈ ಹೆಸರಿನ ಔಚಿತ್ಯ ತಿಳಿಯುತ್ತದೆ. ಇದನ್ನು ವೈದ್ಯನು ಕೆರೆದು ತೆಗೆಯಬೇಕೆಂದು ಚಿಕಿತ್ಸಾಸ್ಥಾನದಲ್ಲಿ ವಿಧಿಸಿದೆ. ತೆಗೆದ ಮೇಲೆ ಅರಗಿನ ಪುಡಿಯನ್ನು ಜೇನಿನಲ್ಲಿ ಕಲಸಿ ಹಚ್ಚಬೇಕು. ಇದಕ್ಕೆ ಬೇಕಾದ ದಂತಶಂಕುವೆಂಬ ಉಪಕರಣವು ಸೂತ್ರಸ್ಥಾನದ ಇಪ್ಪತ್ತು ಶಸ್ತ್ರಗಳ ಪಟ್ಟಿಯಲ್ಲಿದೆ. ವಿಧಿಯ ಜೊತೆಯಲ್ಲಿಯೇ ಒಂದು ಎಚ್ಚರಿಕೆಯೂ ಇದೆ: ಕಿಟ್ಟವನ್ನು ತೆಗೆಯುವಾಗ ಹಲ್ಲಿನ ಬುಡಕ್ಕೆ ಹಿಂಸೆಯಾಗಕೂಡದು.

ಇದೇ ಎಚ್ಚರಿಕೆಯು ದಿನಚರ್ಯೆಯ ಪ್ರಕರಣದಲ್ಲಿಯೂ ಬರುತ್ತದೆ. ಹಲ್ಲುಕಡ್ಡಿಯು ಹನ್ನೆರಡು ಅಂಗುಲ ಉದ್ದವೂ ಕಿರುಬೆರಳಷ್ಟು ದಪ್ಪವೂ ಇರಬೇಕು, ನೆಟ್ಟಗೆ, ಗಂಟಿಲ್ಲದೆ, ಹುಳು ತಿನ್ನದೆ ಇರಬೇಕು, ತುದಿಯನ್ನು ಅಗಿದು ಮೃದುವಾದ ಕುಂಚವನ್ನಾಗಿ ಮಾಡಿಕೊಳ್ಳಬೇಕು, ಒಂದೊಂದು ಹಲ್ಲನ್ನೂ ಬೇರೆ ಬೇರೆಯಾಗಿ ಉಜ್ಜಬೇಕು, ಒಸಡಿಗೆ ನೋವಾಗಬಾರದು. ಈ ಕಡೆಯ ನಿಬಂಧನೆಯನ್ನು ಸುಶ್ರುತನಲ್ಲದೆ ಚರಕನೂ ವಾಗ್ಭಟನೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಹೇಳಿದ್ದಾರೆ. ಮೂವರು ಮಹಾಚಾರ್ಯರು ಅನೇಕ ವಿಷಯಗಳಲ್ಲಿ ಭಿನ್ನಾಭಿಪ್ರಾಯವುಳ್ಳವರಾಗಿದ್ದೂ ಇಲ್ಲಿ ಏಕವಾಕ್ಯತೆಯನ್ನು ತಳೆದಿರುವುದು ಆಕಸ್ಮಿಕವಾಗಿರಲಾರದು. ಬಾಯಿಹುಣ್ಣಿನವರೂ ಹಲ್ಲುನೋವಿನವರೂ ಅಜೀರ್ಣವುಳ್ಳವರೂ ಕಡ್ಡಿಯನ್ನು ಹಿಡಿಯಲೇಬಾರದೆಂದು ಸುಶ್ರುತನು ಮುಂದೆ ಸೇರಿಸುತ್ತಾನೆ.

ಕಡ್ಡಿಗೆ ಹೇಳಿದ ಮರಗಳಲ್ಲಿ ಬೇವು, ಕಗ್ಗಲಿ, ಹೊಂಗೆ ಮುಂತಾದುವು ಸೇರಿವೆ. ಸಂಸ್ಕೃತದ ಕರಂಜವೇ ಕನ್ನಡದ ಹೊಂಗೆ. ಬೆಂಗಳೂರಿನ ಹಳೆಯ ಬೀದಿಗಳಲ್ಲಿ ಬೇಸಗೆಯ ಮೊದಲಲ್ಲಿ ಎಳೆಚಿಗುರನ್ನು ಹೊತ್ತು ನಿಲ್ಲುವ ಮರಗಳಲ್ಲಿ ಹೊಂಗೆಯೂ ಒಂದೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಹಳ್ಳಿಯವನಿಗೆ ಹಲ್ಲುಕಡ್ಡಿಗೆ ಕಾಸು ಬೇಕಾಗಿರಲಿಲ್ಲ. ಕೈ ಚಾಚಿದರೆ ಸಿಕ್ಕುತ್ತಿತ್ತು.

ಶಾಸ್ತ್ರವು ಆಚಾರವಾಗಿ ಇಳಿದುಬಂದಾಗ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದೇ ಈ ವಿಷಯದಲ್ಲಿ ವಿಚಾರಮಾಡತಕ್ಕ ಅಂಶ. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದಂತಕಾಷ್ಠಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಆದರೆ ಅಲ್ಲಿನ ವಿಚಾರ ಯಾವ ಮರದ ಕಡ್ಡಿಯಿಂದ ಯಾವ ಫಲ, ಉಪಯೋಗಿಸಿ ಎಸೆದ ಕಡ್ಡಿ ಹೇಗೆ ಬಿದ್ದರೆ ಶುಭ, ಹೇಗೆ ಬಿದ್ದರೆ ಅಶುಭ ಎಂಬುದು. ಧರ್ಮಶಾಸ್ತ್ರಕಾರರು ತಿಥಿಗಳನ್ನು ಹಿಡಿದರು. ಪ್ರತಿಪತ್ತು, ಷಷ್ಠಿ, ನವಮಿ, ಅಮಾವಾಸ್ಯೆಗಳಲ್ಲಿಯೂ ಶ್ರಾದ್ಧದ ದಿನದಲ್ಲಿಯೂ ಕಾಷ್ಠ ನಿಷಿದ್ಧ; ಅಂದು ಹನ್ನೆರಡು ಸಲ ನೀರು ಮುಕ್ಕಳಿಸಿದರೆ ಶುದ್ಧಿ. ಮಾವಿನ ಎಲೆಯಿಂದ ಉಜ್ಜಿಕೊಳ್ಳುವ ರೂಢಿ ಕನ್ನಡನಾಡಿನ ವೈದಿಕರ ಮನೆಗಳಲ್ಲಿ ಬಹುಕಾಲ ಇದ್ದಿತು. ಒಸಡಿಗೆ ಬಿಡುವು ಕೊಡಬೇಕೆಂದೇ ಈ ನಿಷೇಧ ಹುಟ್ಟಿತೆಂದು ಹೇಳುವುದಕ್ಕೆ ಆಧಾರವಿಲ್ಲ, ಬಿಡುವಂತೂ ದೊರೆಯಿತು. ಮರ ಉಳಿಯಿತು, ಅಂಗುಲದ ಲೆಕ್ಕ ಉಳಿಯಿತು, ತಿಥಿ ಉಳಿಯಿತು. ಒಸಡಿಗೆ ನೋವಾಗಬಾರದೆಂಬ ವೈದ್ಯರ ಮಾತು ಮಾತ್ರ ವೈದ್ಯರ ಓಲೆಗಳಲ್ಲಿಯೇ ನಿಂತುಹೋಯಿತು. ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಮದ್ಯಮಾಂಸಗಳ ಸಂಪರ್ಕವಿಲ್ಲದ ಚಿಕಿತ್ಸಾಕ್ರಮದೊಡನೆ ಕನ್ನಡಕ್ಕೆ ತಂದಿದ್ದನು. ಆದರೆ ವೈದ್ಯಗ್ರಂಥವನ್ನು ಓದುವವನು ವೈದ್ಯ. ಬಚ್ಚಲ ಬಳಿ ಕುಳಿತು ಹಲ್ಲುಜ್ಜುವವರು ನೋಡುತ್ತಿದ್ದುದು ಪಂಚಾಂಗವನ್ನು.

ಭಾಷೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ. ಸಂಸ್ಕೃತದಲ್ಲಿ ಈ ಕ್ರಿಯೆಗೆ ದಂತಧಾವನವೆಂದು ಹೆಸರು. ಧಾವು ಧಾತುವಿಗೆ ಓಡುವುದು, ಶುದ್ಧಿಗೊಳಿಸುವುದು ಎಂದು ಎರಡರ್ಥ. ತೊಳೆಯುವ ಭಾವವೇ ಅಲ್ಲಿ ಮುಖ್ಯ. ಕನ್ನಡದಲ್ಲಿ ಹಲ್ಲನ್ನು ಉಜ್ಜುತ್ತಾರೆ, ತಿಕ್ಕುತ್ತಾರೆ. ತಿಕ್ಕುವುದು ಪಾತ್ರೆಗೂ ಸಲ್ಲುವ ಮಾತು. ಮಾತು ಒಂದಾದಂತೆ ಸಾಮಗ್ರಿಯೂ ಒಂದಾಯಿತು. ಒಲೆಯ ಬೂದಿ, ಇದ್ದಿಲು, ಇಟ್ಟಿಗೆಯ ಪುಡಿ, ಸುಟ್ಟ ಬತ್ತದ ಹೊಟ್ಟು, ಉಪ್ಪು, ಕಡೆಗೆ ನಯವಾದ ಮರಳು, ಇವುಗಳಿಂದ ಹಿತ್ತಾಳೆಯ ದೀಪವನ್ನು ಬೆಳಗುವಂತೆಯೇ ಹಲ್ಲನ್ನೂ ಬೆಳಗಿದರು. ಬತ್ತದ ಹೊಟ್ಟಿನ ಬೂದಿಯಲ್ಲಿ ಬಹುಭಾಗ ಸಿಲಿಕವೇ. ಮರಳಿನ ಮೂಲದ್ರವ್ಯವೂ ಅದೇ. ಎನಾಮಲ್ ಇದನ್ನು ಬಹುಕಾಲ ತಡೆದೀತು. ಒಸಡು ತಡೆಯದು, ಒಸಡು ಸರಿದಮೇಲೆ ಬಯಲಾದ ಬೇರಂತೂ ತಡೆಯಲಾರದು. ಹೀಗೆ ವರ್ಷಗಟ್ಟಲೆ ಅಡ್ಡಡ್ಡವಾಗಿ ತಿಕ್ಕಿದವರ ಹಲ್ಲಿನ ಕತ್ತಿನಲ್ಲಿ, ಗರಗಸದಿಂದ ಕೊಯ್ದಂತೆ, ಆಳವಾದ ಕಚ್ಚು ಬೀಳುತ್ತದೆ. ಹಳೆಯ ತಲೆಮಾರಿನ ವೃದ್ಧರ ಬಾಯಲ್ಲಿ ಇದನ್ನು ಕಾಣುವುದು ಅಪರೂಪವಾಗಿರಲಿಲ್ಲ. ಹಲ್ಲು ಮುತ್ತಿನಂತೆ ಬೆಳ್ಳಗಿದ್ದು ಕತ್ತಿನಲ್ಲಿ ಕಡಿದುಹೋಗಿರುವುದು ನೋಡತಕ್ಕ ವೈಚಿತ್ರ್ಯ.

ಹದಿನೇಳನೆಯ ಶತಮಾನದ ಆಸುಪಾಸಿನಲ್ಲಿ ಹರಡಿದ ಹೊಗೆಸೊಪ್ಪು ಈ ಕಷ್ಟವನ್ನು ಹೆಚ್ಚಿಸಿತು. ಎಲೆ ಅಡಿಕೆಯೊಡನೆ ಹೊಗೆಸೊಪ್ಪನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುವವರಿಗೆ ಆ ಜಾಗದಲ್ಲಿಯೇ ಒಸಡು ಸರಿಯುತ್ತದೆ. ಹಲ್ಲುನೋವಿಗೆಂದು ನಶ್ಯವನ್ನು ಒಸಡಿಗೆ ತಿಕ್ಕಿಕೊಳ್ಳಲು ಹಿಡಿದು, ನೋವು ಹೋದಮೇಲೂ ಅಭ್ಯಾಸವನ್ನು ಬಿಡಲಾರದೆ ಹೋದವರು ಎಷ್ಟೋ ಮಂದಿ. ಒಸಡು ಸರಿಯುವುದು ಹೊಗೆಸೊಪ್ಪಿನ ಅನರ್ಥಗಳಲ್ಲಿ ಅತ್ಯಲ್ಪವಾದುದು. ಬಾಯಿಯ ಅರ್ಬುದರೋಗದ ಮುಂದೆ ಅದನ್ನು ಲೆಕ್ಕಿಸುವಂತಿಲ್ಲ.

ಬಸವನಗುಡಿಯ ಬಡಾವಣೆ ಹುಟ್ಟಿದುದು ೧೮೯೮ ರ ಪ್ಲೇಗಿನ ಪರಿಣಾಮವಾಗಿ. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸಾಯುವುದನ್ನು ಕಂಡು ಸರಕಾರದವರು ದಕ್ಷಿಣಕ್ಕೆ ಬಸವನಗುಡಿಯನ್ನೂ ಉತ್ತರಕ್ಕೆ ಮಲ್ಲೇಶ್ವರವನ್ನೂ ಅಗಲವಾದ ಬೀದಿಗಳೊಡನೆ, ಗಾಳಿ ಬೆಳಕುಗಳಿಗೆ ಅವಕಾಶವಿರುವಂತೆ ಏರ್ಪಡಿಸಿದರು. ಚಾಮರಾಜಪೇಟೆ ಅದಕ್ಕೆ ಕೆಲವು ವರ್ಷ ಮೊದಲೇ, ೧೮೯೨ ರಲ್ಲಿ, ಆಗಿತ್ತು. ೧೯೦೦ ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಶುಚಿತ್ವವೆಂಬುದು ಮಡಿಯಷ್ಟೇ ಅಲ್ಲ, ಪ್ರಾಣರಕ್ಷಣೆಯ ಮಾರ್ಗವೂ ಹೌದೆಂಬ ಅರಿವು ಈ ಬಡಾವಣೆಗಳ ಸಂಸಾರಗಳಿಗೆ ಹುಟ್ಟುಗುಣವಾಗಿ ಬಂದಿತು. ವಕೀಲರು, ಉಪಾಧ್ಯಾಯರು, ಸರಕಾರಿ ನೌಕರರು ಇಲ್ಲಿ ಮನೆ ಕಟ್ಟಿದರು. ಒಲೆಯ ಬೂದಿ ಕ್ರಮೇಣ ಪಾತ್ರೆಗಳಿಗೆ ಮಾತ್ರ ಉಳಿದು, ಹಲ್ಲಿಗೆ ಪೊಟ್ಟಣದ ಪುಡಿ ಬಂದಿತು. ೧೯೧೩ ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಂದ ಬಂದ ನಂಜನಗೂಡು ಹಲ್ಲುಪುಡಿಯು ಮೈಸೂರು ಸೀಮೆಯಲ್ಲಿ ಮನೆಮಾತಾಯಿತು. ಶಾಸ್ತ್ರದ ದಂತಶೋಧನಚೂರ್ಣವು ಹೀಗೆ ಅಂಗಡಿಗೆ ಇಳಿದು, ರಸಬಾಳೆಯಂತೆ ಊರಿನ ಹೆಸರಿನೊಡನೆ ಬೆಸೆದುಕೊಂಡಿತು. ಪುಡಿಯನ್ನು ಬೆರಳಿನಿಂದ ಹಚ್ಚಿ ಉಜ್ಜುವುದರಲ್ಲಿ ಒಂದು ಗುಣವುಂಟು. ಒಸಡಿಗೆ ನೋವಾದರೆ ಬೆರಳಿಗೂ ತಿಳಿಯುತ್ತದೆ.

ಈ ಕಾಲಕ್ಕೆ ಪಶ್ಚಿಮದೇಶಗಳಲ್ಲಿ ಒಸಡಿನ ವಿಷಯವಾಗಿ ಬೇರೊಂದು ಪ್ರಕರಣ ನಡೆದಿತ್ತು. ಅಮೆರಿಕೆಯ ಹಾರ್ಟ್‌ಫರ್ಡ್ ನಗರದಲ್ಲಿ ಜಾನ್ ರಿಗ್ಸ್ ಎಂಬ ದಂತವೈದ್ಯನಿದ್ದನು. ೧೮೪೪ ರಲ್ಲಿ ನಗೆಯನಿಲವನ್ನು ಸೇವಿಸಿದ್ದ ಹೊರೇಸ್ ವೆಲ್ಸನ ಹಲ್ಲನ್ನು ನೋವಿಲ್ಲದಂತೆ ಕಿತ್ತವನು ಈತನೇ. ಒಸಡಿನ ರೋಗಕ್ಕೆ ಹಲ್ಲಿನ ಬುಡದಲ್ಲಿ ಕೂಡಿದ ಕಿಟ್ಟವೇ ಕಾರಣವೆಂದೂ, ಅದನ್ನು ಚೆನ್ನಾಗಿ ಕೆರೆದು ತೆಗೆದರೆ ಹಲ್ಲು ನಿಲ್ಲುವುದೆಂದೂ ೧೮೭೬ ರಲ್ಲಿ ಅವನು ಪ್ರಕಟಿಸಿದನು. ಕೆಲವು ಕಾಲ ಆ ವ್ಯಾಧಿಗೆ ರಿಗ್ಸನ ರೋಗವೆಂದೇ ಹೆಸರಾಯಿತು. ಅನಂತರ ಪಯೋರಿಯಾ ಎಂಬ ಹೆಸರು ನಿಂತಿತು. ಇದು ಗ್ರೀಕ್ ಭಾಷೆಯಿಂದ ಬಂದುದು. ಕೀವಿನ ಹರಿವೆಂದು ಅರ್ಥ. ಅದರ ಮೊದಲ ಭಾ‌ಗವೂ ಸಂಸ್ಕೃತದ ಪೂಯವೆಂಬ ಶಬ್ದವೂ ಒಂದೇ ಮೂಲದವು. ದಂತವೇಷ್ಟದಲ್ಲಿ ಪೂಯರುಧಿರಗಳು ಸ್ರವಿಸುವುವೆಂದು ಬರೆದ ಸುಶ್ರುತನಿಗೆ ಈ ಹೊಸ ಹೆಸರು ಅಷ್ಟೇನೂ ಹೊಸದಾಗಿ ತೋರುತ್ತಿರಲಿಲ್ಲ.

ರಿಗ್ಸನ ಮಾತಿಗೆ ಕಿವಿಗೊಟ್ಟಿದ್ದರೆ ಎಷ್ಟೋ ಹಲ್ಲುಗಳು ಉಳಿಯುತ್ತಿದ್ದುವು. ೧೯೧೦ ರಲ್ಲಿ ಇಂಗ್ಲೆಂಡಿನ ವಿಲಿಯಂ ಹಂಟರ್ ಎಂಬ ವೈದ್ಯನು ಕೆನಡದ ಮಾಂಟ್ರಿಯಲ್ಲಿನಲ್ಲಿ ಮಾಡಿದ ಭಾಷಣದಿಂದ ಹವೆ ಬದಲಾಯಿಸಿತು. ಬಾಯಿಯ ನಂಜೇ ದೇಹದ ಅನೇಕ ರೋಗಗಳಿಗೆ ಮೂಲವೆಂದು ಅವನು ಸಾರಿದನು. ಮಾತಿನಲ್ಲಿ ಸತ್ಯಾಂಶವಿಲ್ಲದಿರಲಿಲ್ಲ, ಆದರೆ ಅದನ್ನು ಹಿಡಿದ ಶಿಷ್ಯವರ್ಗ ಎಲ್ಲೆಯನ್ನು ಮೀರಿತು. ಕೀಲುನೋವಿಗೂ ಚಿತ್ತಭ್ರಮೆಗೂ ಸಹ ಹಲ್ಲು ಕೀಳುವುದೇ ಮದ್ದೆಂದಾಗಿ, ಅಮೆರಿಕೆ ಇಂಗ್ಲೆಂಡುಗಳಲ್ಲಿ ಸುಮಾರು ಮೂವತ್ತು ವರ್ಷ ಲೆಕ್ಕವಿಲ್ಲದಷ್ಟು ಗಟ್ಟಿಹಲ್ಲುಗಳನ್ನು ಕಿತ್ತರು. ಹಲ್ಲು ಕೀಳುವುದನ್ನು ಕಡೆಯ ಉಪಾಯವಾಗಿ ಇಡದೆ ಮೊದಲನೆಯದನ್ನಾಗಿ ಮಾಡಿದ ಆ ಕಾಲ ವೈದ್ಯಚರಿತ್ರೆಯಲ್ಲಿ ಹೆಮ್ಮೆಪಡತಕ್ಕದ್ದಲ್ಲ.

ಭಾರತದಲ್ಲಿ ದಂತವೈದ್ಯದ ಕ್ರಮವಾದ ಶಿಕ್ಷಣಕ್ಕೆ ೧೯೨೦ ರಲ್ಲಿ ಕಲ್ಕತ್ತೆಯಲ್ಲಿ ಆರ್. ಅಹಮದ್ ಅವರು ತಳಹದಿ ಹಾಕಿದರು. ೧೯೪೮ ರಲ್ಲಿ ದಂತವೈದ್ಯರ ಕಾಯಿದೆ ಬಂದಿತು. ಬೆಂಗಳೂರಿನ ಕೋಟೆಯ ಬಳಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದುದು ೧೯೫೮ ರಲ್ಲಿ. ಅದುವರೆಗೆ ಮೈಸೂರು ಸಂಸ್ಥಾನದಲ್ಲಿ ಇಂತಹ ವಿದ್ಯಾಲಯವಿರಲಿಲ್ಲ. ೧೯೬೫ ರಲ್ಲಿ ಮಣಿಪಾಲದಲ್ಲಿ ಖಾಸಗಿಯಾಗಿ ಇನ್ನೊಂದಾಯಿತು. ಬಸವನಗುಡಿಗೆ ಹೊಂದಿದ ವಿಶ್ವೇಶ್ವರಪುರದಲ್ಲಿ ಒಕ್ಕಲಿಗರ ಸಂಘದ ದಂತವೈದ್ಯ ಕಾಲೇಜು ಅನಂತರ ಬಂದಿತು. ಕಾಲ್ನಡಿಗೆಯ ದೂರದಲ್ಲಿ ವೈದ್ಯರಿದ್ದೂ, ಹಲ್ಲು ಅಲುಗಾಡುವ ತನಕ ಅಲ್ಲಿಗೆ ಹೋಗದಿರುವ ವಾಡಿಕೆ ಮಾತ್ರ ಹೋಗಲಿಲ್ಲ. ಒಸಡಿನ ರೋಗವು ಬಹುಕಾಲ ನೋವನ್ನು ಕೊಡದೆ ಇರುವುದೇ ಇದಕ್ಕೆ ಕಾರಣ. ಉಗುಳಿನಲ್ಲಿ ರಕ್ತ ಕಂಡ ದಿನ ಮನೆಯವರು ಹೆದರಿ ಆ ಜಾಗವನ್ನು ಉಜ್ಜುವುದನ್ನೇ ಬಿಡುತ್ತಾರೆ. ಅಲ್ಲಿ ಕಿಟ್ಟ ಇನ್ನೂ ಕೂಡುತ್ತದೆ, ರಕ್ತವೂ ಇನ್ನೂ ಹೆಚ್ಚುತ್ತದೆ. ಮಧುಮೇಹವಿರುವವರಲ್ಲಿ ಇದರ ವೇಗ ಇನ್ನೂ ಹೆಚ್ಚು.

ಕಿಟ್ಟದಿಂದಲೇ ಒಸಡು ಕೆಡುವುದೆಂಬುದನ್ನು ಪ್ರಯೋಗದಿಂದ ಸ್ಥಾಪಿಸಿದವನು ನಾರ್ವೆ ದೇಶದ ಹರಾಲ್ಡ್ ಲೊ. ೧೯೬೫ ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ ಒಸಡು ಆರೋಗ್ಯವಾಗಿದ್ದ ಹನ್ನೆರಡು ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ಒಸಡೂ ಬಾತಿತು. ಮತ್ತೆ ಉಜ್ಜತೊಡಗಿದ ಮೇಲೆ ಎಲ್ಲರದೂ ಇಳಿಯಿತು. ಇದಕ್ಕಿಂತಲೂ ಸ್ವಾರಸ್ಯವಾದುದು ಅವನ ಎರಡನೆಯ ಕೆಲಸ. ೧೯೬೯ ರಿಂದ ನಾರ್ವೆಯ ಆಸ್ಲೊ ನಗರದ ವಿದ್ಯಾವಂತರ ಒಂದು ಗುಂಪನ್ನೂ, ೧೯೭೦ ರಿಂದ ಸಿಂಹಳದ ಚಹಾತೋಟಗಳ ಕೂಲಿಗಾರರ ಇನ್ನೊಂದು ಗುಂಪನ್ನೂ ಅನೇಕ ವರ್ಷ ಬಿಟ್ಟುಬಿಟ್ಟು ಪರೀಕ್ಷಿಸಿದರು. ಆಸ್ಲೊವಿನವರು ಬಾಲ್ಯದಿಂದ ಬ್ರಷ್ಷು ಹಿಡಿದವರು, ದಂತವೈದ್ಯರ ಆರೈಕೆಯಲ್ಲಿ ಬೆಳೆದವರು. ತೋಟದವರಿಗೆ ಆ ಅಭ್ಯಾಸವೂ ಇರಲಿಲ್ಲ, ವೈದ್ಯರೂ ಇರಲಿಲ್ಲ. ತೋಟದ ೪೮೦ ಮಂದಿಯಲ್ಲಿ ನೂರಕ್ಕೆ ಎಂಟರಷ್ಟು ಜನಕ್ಕೆ ಹಲ್ಲಿನ ಆಧಾರ ಬೇಗಬೇಗನೆ ನಾಶವಾಯಿತು. ಎಂಬತ್ತೊಂದು ಪಾಲಿನವರಿಗೆ ನಿಧಾನವಾಗಿ. ಹನ್ನೊಂದು ಪಾಲಿನವರಿಗೆ, ಹಲ್ಲನ್ನು ಅಲಕ್ಷ್ಯಮಾಡಿದ್ದರೂ, ಒಸಡಿನ ಬಾವು ಮುಂದುವರಿಯಲೇ ಇಲ್ಲ. ಅದೃಷ್ಟವೆಂಬುದು ಒಸಡಿಗೂ ಉಂಟೆಂದಾಯಿತು.

ಒಸಡು ಸರಿದ ಲೆಕ್ಕವನ್ನು ಲೊ ೧೯೯೨ ರಲ್ಲಿ ಪ್ರತ್ಯೇಕವಾಗಿ ಬರೆದನು. ಸಿಂಹಳದವರಲ್ಲಿ ಇಪ್ಪತ್ತು ವರ್ಷದೊಳಗೆ ನೂರಕ್ಕೆ ಮೂವತ್ತು ಮಂದಿಗೂ, ಮೂವತ್ತರ ವೇಳೆಗೆ ತೊಂಬತ್ತು ಮಂದಿಗೂ ಒಸಡು ಸರಿದಿತ್ತು. ಹೊರಮೈ, ಒಳಮೈ, ಸಂದು ಎಂಬ ಭೇದವಿಲ್ಲದೆ ಸುತ್ತಲೂ ಸರಿದಿತ್ತು. ಆಸ್ಲೊವಿನ ವಿದ್ಯಾವಂತರ ಗತಿ ಇದಕ್ಕಿಂತ ಮೇಲಾಗಿದ್ದಿರಬೇಕೆಂದು ಯಾರಾದರೂ ಭಾವಿಸುತ್ತಿದ್ದರು. ಅವರಲ್ಲಿ ಇಪ್ಪತ್ತನೆಯ ವಯಸ್ಸಿಗೇ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಮಂದಿಗೂ, ಐವತ್ತರ ವೇಳೆಗೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೂ ಒಸಡು ಸರಿದಿದ್ದಿತು. ವ್ಯತ್ಯಾಸವಿಷ್ಟೆ: ಅವರಿಗೆ ಸರಿದಿದ್ದುದು ಬಹುಮಟ್ಟಿಗೆ ಹಲ್ಲಿನ ಹೊರಮೈಯಲ್ಲಿ, ಎಂದರೆ ಕೆನ್ನೆಯ ಕಡೆಯಲ್ಲಿ. ಬ್ರಷ್ಷು ಬಲವಾಗಿ ಓಡುವುದು ಅಲ್ಲಿಯೇ. ಹುಟ್ಟಿನಿಂದ ಎಲುಬು ತೆಳುವಾಗಿರುವುದು, ಹಲ್ಲು ಸಾಲಿನಿಂದ ಮುಂದಕ್ಕೆ ಚಾಚಿರುವುದು ಮುಂತಾದ ಕಾರಣಗಳೂ ಇರಬಹುದು. ಆದರೂ ಉಜ್ಜದವರಿಗೆ ಕಿಟ್ಟದಿಂದಲೂ, ಉಜ್ಜುವವರಿಗೆ ಉಜ್ಜುವಿಕೆಯ ಅತಿಯಿಂದಲೂ ಒಸಡು ಸರಿಯುವುದೆಂಬ ಅಭಿಪ್ರಾಯವೇ ಈಗ ದಂತವೈದ್ಯರಲ್ಲಿ ಪ್ರಬಲವಾಗಿದೆ. ಬಸವನಗುಡಿಯ ಮನೆಗಳು ಇವೆರಡರಲ್ಲಿ ಯಾವ ಗುಂಪಿಗೆ ಸೇರುವುವೆಂಬುದನ್ನು ಹೇಳಬೇಕಾದುದಿಲ್ಲ. ಬೆಳಗ್ಗೆ ಎದ್ದು ಬಚ್ಚಲಲ್ಲಿ ಪಾತ್ರೆ ತಿಕ್ಕುವ ಸದ್ದಿನಷ್ಟೇ ಜೋರಾಗಿ ಹಲ್ಲು ತಿಕ್ಕುವ ಸದ್ದು ಕೇಳುವ ಮನೆಗಳು ಅವು.

ಬ್ರಷ್ಷಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಸುಮಾರು ೧೭೮೦ ರಲ್ಲಿ ವಿಲಿಯಂ ಆಡಿಸನು ಇದನ್ನು ವ್ಯಾಪಾರಕ್ಕೆ ತಂದಮೇಲೆ ನೂರೈವತ್ತು ವರ್ಷಕಾಲ ಬ್ರಷ್ಷೆಂದರೆ ಪ್ರಾಣಿಗಳ ಕೂದಲು. ಈ ಕಾರಣದಿಂದ ಮಡಿವಂತರು ಅದನ್ನು ಬಹುಕಾಲ ಬಾಯಿಗೆ ಸೋಕಿಸಲಿಲ್ಲವೆಂಬುದು ತಿಳಿದ ವಿಷಯವೇ. ೧೯೩೮ ರಲ್ಲಿ ಅಮೆರಿಕದವರು ನೈಲಾನ್ ಎಳೆಗಳ ಬ್ರಷ್ಷನ್ನು ಮಾಡಿದರು. ಮಡಿಯ ತೊಡಕು ನೀಗಿತು. ಆದರೆ ಆ ಮೊದಲ ಎಳೆಗಳು ಬಿರುಸಾಗಿದ್ದು ಒಸಡನ್ನು ಗೀರುತ್ತಿದ್ದುವು. ಮೃದುವಾದ ಎಳೆಗಳು ಬಂದುದು ೧೯೫೦ ರ ಸುಮಾರಿಗೆ. ನ್ಯೂ ಆರ್ಲಿಯನ್ಸಿನ ಟ್ಯುಲೇನ್ ವೈದ್ಯವಿದ್ಯಾಲಯದ ಮುಖ್ಯಸ್ಥನಾಗಿದ್ದು ನಿವೃತ್ತನಾದ ಚಾರ್ಲ್ಸ್ ಬ್ಯಾಸನು ಬ್ರಷ್ಷು ಹೇಗಿರಬೇಕೆಂಬುದನ್ನು ೧೯೪೮ ರಲ್ಲಿ ಶೋಧಿಸಿ ಬರೆದನು. ಎಳೆ ಸಣ್ಣದಾಗಿ ತುದಿ ದುಂಡಾಗಿರಬೇಕು, ಒಸಡೂ ಹಲ್ಲೂ ಕೂಡುವ ಅಂಚಿಗೆ ಅದನ್ನು ಓರೆಯಾಗಿ ಹಿಡಿದು ಮೆಲ್ಲನೆ ಅದಿರಿಸಬೇಕು, ಬಲ ಹಾಕಬಾರದು. ಚೆನ್ನಾಗಿ ಅಗಿದ ಹೊಂಗೆಯ ಕಡ್ಡಿಯ ತುದಿಗೂ ಈ ಬ್ರಷ್ಷಿಗೂ ರೂಪದಲ್ಲಿ ಸಾಮ್ಯವಿಲ್ಲದಿಲ್ಲ. ಅಗಿಯದೆ ಬಾಯಿಗಿಟ್ಟ ಕಡ್ಡಿ ಮಾತ್ರ ಬರಿಯ ಕೋಲು.

ಸರಿದುಹೋದ ಒಸಡಿಗೆ ಈಗ ಶಸ್ತ್ರಚಿಕಿತ್ಸೆಯುಂಟು. ೧೯೫೬ ರಲ್ಲಿ ಅಮೆರಿಕೆಯ ಗ್ರೂಪ್, ವಾರನ್ ಎಂಬಿಬ್ಬರು ಪಕ್ಕದ ಹಲ್ಲಿನ ಒಸಡನ್ನು ಬುಡ ಬಿಡಿಸದೆ ಎಳೆದು ಬಯಲಾದ ಬೇರಿನ ಮೇಲೆ ಹೊದಿಸುವ ಕ್ರಮವನ್ನು ಪ್ರಕಟಿಸಿದರು. ೧೯೮೫ ರಿಂದೀಚೆಗೆ ಅಂಗುಳಿನ ಒಳಪದರದಿಂದ ತೆಳುವಾದ ಖಂಡವನ್ನು ತೆಗೆದು ಒಸಡಿನ ಕೆಳಗೆ ಸೇರಿಸುವ ಕ್ರಮ ಪ್ರಚಾರಕ್ಕೆ ಬಂದಿದೆ. ಹರಿದ ಕಿವಿಯ ಹಾಲೆಗೆ ಕೆನ್ನೆಯ ಮಾಂಸವನ್ನು ಬುಡ ಬಿಡಿಸದೆ ತಂದು ಕೂಡಿಸುವ ವಿಧಾನವನ್ನು ಸುಶ್ರುತನು ಹೇಳಿರುವುದನ್ನು ಬಲ್ಲವರಿಗೆ ಗ್ರೂಪ್ ವಾರನ್ನರ ಕ್ರಮ ಅಪರಿಚಿತವೆನಿಸದು. ಅಷ್ಟರಿಂದ ಈಗಿನ ಚಿಕಿತ್ಸೆಯೆಲ್ಲವೂ ಹಿಂದೆಯೇ ಇತ್ತೆಂದು ಹೇಳುವುದು ಅನುಚಿತ. ಒಸಡಿಗೆ ಅವನು ಆ ವಿಧಾನವನ್ನು ಹೇಳಿಲ್ಲ.

ಈ ಚಿಕಿತ್ಸೆ ಎಲ್ಲರಿಗೂ ಒದಗುವುದಿಲ್ಲ. ೧೯೮೫ ರಲ್ಲಿಯೇ ಮಿಲ್ಲರ್ ಎಂಬ ದಂತವೈದ್ಯನು ಸರಿದ ಒಸಡುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದನು. ಹಲ್ಲುಹಲ್ಲುಗಳ ನಡುವಣ ಎಲುಬು ಇನ್ನೂ ಕರಗದೆ ಇದ್ದರೆ ಬೇರನ್ನು ಪೂರ್ತಿಯಾಗಿ ಮುಚ್ಚಬಹುದು. ಬ್ರಷ್ಷಿನ ಬಲದಿಂದ ಹೊರಮೈಯಲ್ಲಿ ಮಾತ್ರ ಒಸಡು ಸರಿದವರು ಸಾಮಾನ್ಯವಾಗಿ ಈ ವರ್ಗದವರು. ಎಲುಬು ಸ್ವಲ್ಪ ಕರಗಿದ್ದರೆ ಸ್ವಲ್ಪಮಟ್ಟಿಗೆ ಮುಚ್ಚಬಹುದು. ಕಿಟ್ಟದಿಂದಲೂ ಕೀವಿನಿಂದಲೂ ನಡುವಣ ಎಲುಬು ಬಹುವಾಗಿ ಕರಗಿದ ಕಡೆ ಮುಚ್ಚುವುದು ಸಾಧ್ಯವಿಲ್ಲ. ಅಂತಹವರಿಗೆ ವೈದ್ಯರು ಬೇರಿನ ಮೇಲಿನ ಶರ್ಕರೆಯನ್ನು ಕೆಲವು ತಿಂಗಳಿಗೊಮ್ಮೆ ಕೆರೆದು ತೆಗೆದು, ಒಸಡು ಈಗಿರುವ ಎಲ್ಲೆಯಲ್ಲಿಯೇ ನಿಲ್ಲುವಂತೆ ನೋಡಿಕೊಳ್ಳುತ್ತಾರೆ.